ಜಾಲಿಕುಂಟೆ ಎಲ್ಲಿ ಹೋಯಿತು?



ನಿಮ್ಮ ಮನೆಗೆ ದಾರಿ ಹೇಳಿ ನೋಡೋಣ! ಮೊಬೈಲ್ ತೆಗೆಯಬೇಡಿ, ಲೊಕೇಷನ್ ಕಳಿಸಬೇಡಿ. ಬಾಯಲ್ಲಿ ಹೇಳಿ. ನಿಮ್ಮ ಬಡಾವಣೆ ಆಗುವುದಕ್ಕೆ ಮುಂಚೆ ಆ ಜಾಗಕ್ಕೆ ಏನು ಹೆಸರಿತ್ತು? ಗೊತ್ತಿಲ್ಲ, ಅಲ್ಲವೇ? ನಾಚಿಕೆ ಪಡಬೇಡಿ. ಗೊತ್ತಿದ್ದೂ ಗೊತ್ತಿದ್ದೂ ಆ ಹೆಸರು ಅಳಿಸಲು ಕೈಜೋಡಿಸಿದವನು ಈ ಮಾತು ಬರೆಯುತ್ತಿದ್ದಾನೆ.

ನಾನು ಕೋಲಾರದಲ್ಲಿ ಪ್ರೆಸ್ ನಡೆಸುವವನು. ಪಿಯುಸಿಗೆ ಓದು ನಿಲ್ಲಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು. ಅಪ್ಪ ಒಂದೊಂದೇ ಮೊಳೆ ಜೋಡಿಸಿ, ಟ್ರೆಡಲ್ ತುಳಿದು ಲಗ್ನಪತ್ರಿಕೆ, ಜಾತ್ರೆ ಕರಪತ್ರ ಅಚ್ಚು ಹಾಕುತ್ತಿದ್ದರು. 1982ರ ಗೋಕಾಕ್ ಚಳವಳಿಯ ದಿನಗಳಲ್ಲಿ ರಾತ್ರಿಯೆಲ್ಲ ಮಷೀನು ಓಡಿತ್ತು ಅಂತ ಅಮ್ಮ ಈಗಲೂ ಹೇಳುತ್ತಾರೆ. ಹೇಳುವುದು ತೆಲುಗಿನಲ್ಲಿ! ಹೌದು ಸ್ವಾಮಿ, ನಮ್ಮ ಮನೆಮಾತು ತೆಲುಗು. ಕೋಲಾರ ಸೀಮೆಯಲ್ಲಿ ಇದು ಯಾರಿಗೂ ಆಶ್ಚರ್ಯವಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಅವರು 1983ರ ಜ್ಞಾನಪೀಠ ತಂದುಕೊಟ್ಟದ್ದು ಕನ್ನಡಕ್ಕೆ! ಮನೆಯೊಳಗೆ ಯಾವ ಮಾತಾದರೂ ಇರಲಿ, ಬೀದಿಗೆ ಇಳಿದರೆ ಕನ್ನಡ. ಇದು ನಮ್ಮ ಸೀಮೆಯ ಹಿರಿಯರು ಕಾಗದವಿಲ್ಲದೆ ಮಾಡಿಕೊಂಡ ಒಪ್ಪಂದ.

ಆ ಒಪ್ಪಂದ ಮುರಿದದ್ದು ಹೊರಗಿನವರಲ್ಲ. ನಾನೇ ಮುರಿದೆ. ಹೇಗೆ ಅಂತ ಕೇಳಿ.

ಕೆಲವು ವರ್ಷಗಳ ಹಿಂದೆ ಸೈಟು ಮಾರುವವರೊಬ್ಬರು ಪ್ರೆಸ್ಸಿಗೆ ಬಂದರು. ಊರಾಚೆ, ಬೆಂಗಳೂರು ರಸ್ತೆಯ ಮಗ್ಗುಲಿಗೆ, ರಾಗಿ ಹಿಪ್ಪುನೇರಳೆ ಬೆಳೆಯುತ್ತಿದ್ದ ಹೊಲವನ್ನು ಬಡಾವಣೆ ಮಾಡಿದ್ದರು. ಸುತ್ತಲಿನ ಹಳ್ಳಿಗಳಿಗೆಲ್ಲ ಅದು ಜಾಲಿಕುಂಟೆ. ಅವರು ಇಟ್ಟಿದ್ದ ಹೊಸ ಹೆಸರು ಇಂಗ್ಲಿಷು. ಕನ್ನಡದಲ್ಲಿ ಹೇಳುವುದಾದರೆ 'ಹಸಿರು ಸ್ವರ್ಗ' ಅಂತ ಆಗುತ್ತದೆ. ಅಲ್ಲಿ ಹಸಿರೂ ಇಲ್ಲ, ಸ್ವರ್ಗವೂ ಇಲ್ಲ, ಪಾರ್ಥೇನಿಯಂ ಇದೆ! ಐದು ಸಾವಿರ ಕರಪತ್ರ, ಬಣ್ಣದ್ದು, ಪೂರ್ತಿ ಇಂಗ್ಲಿಷಿನಲ್ಲಿ. "ಒಂದು ಸಾಲಾದರೂ ಕನ್ನಡ ಹಾಕೋಣ ಸಾರ್" ಅಂದೆ. "ಕನ್ನಡ ಹಾಕಿದರೆ ರೇಟು ಇಳಿಯುತ್ತೆ ಕಣ್ರೀ" ಅಂದರು. ಅಡ್ವಾನ್ಸ್ ಜೇಬಿಗೆ ಬಂದಿತ್ತು. ಬಾಯಿ ಮುಚ್ಚಿಕೊಂಡೆ. ಸಾಲದ್ದಕ್ಕೆ ಅಲ್ಲೇ ಒಂದು ಸೈಟು ಕೊಂಡು ಮನೆಯನ್ನೂ ಕಟ್ಟಿದೆ.

ಅಲ್ಲಿಯ ಬದುಕು ಹೇಗಿದೆ ಅಂತೀರಾ? ಬೆಳಿಗ್ಗೆ ಐದೂವರೆಗೆ ಬಡಾವಣೆ ಏಳುತ್ತದೆ, ಏಳೂವರೆಗೆ ಖಾಲಿಯಾಗುತ್ತದೆ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆ ಬಸ್ಸುಗಳು ಒಂದಷ್ಟು ಹುಡುಗ ಹುಡುಗಿಯರನ್ನು ತುಂಬಿಕೊಂಡು ಹೋಗುತ್ತವೆ. ಬೆಂಗಳೂರು ಬಸ್ಸು ಉಳಿದವರನ್ನು. ಆಮೇಲೆ ಇರುವವರು ಮುದುಕರು, ಬೀದಿ ನಾಯಿಗಳು, ನೀರಿನ ಟ್ಯಾಂಕರು. ರಾತ್ರಿ ಒಂಬತ್ತರ ಮೇಲೆ ಎಲ್ಲರೂ ಬರುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ, ಕಾರಿನ ನಂಬರು ಗೊತ್ತು. ಬೀದಿ ದೀಪ ಕೆಟ್ಟರೆ ಪಂಚಾಯ್ತಿಯವರು "ನಮ್ಮದಲ್ಲ" ಅನ್ನುತ್ತಾರೆ, ನಗರಸಭೆಯವರು "ಇನ್ನೂ ನಮಗೆ ಬಂದಿಲ್ಲ" ಅನ್ನುತ್ತಾರೆ. ಬಡಾವಣೆಗೊಂದು ವಾಟ್ಸಾಪ್ ಗುಂಪಿದೆ. ಅದು ನಡೆಯುವುದು ಇಂಗ್ಲಿಷಿನಲ್ಲಿ. ನೀರು ಬಿಡುವ ನೀರುಗಂಟಿಗೆ ಮಾತ್ರ ಅದರಲ್ಲಿ ಜಾಗವಿಲ್ಲ!

ಇದು ಒಂದು ಬಡಾವಣೆಯ ಕತೆಯಲ್ಲ. ಮಾಲೂರಿಗೆ ಹೋಗಿ, ಮುಂಜಾನೆ ರೈಲಿಗೆ ಕಾದು ನಿಂತ ಹುಡುಗರನ್ನು ನೋಡಿ. ಶ್ರೀನಿವಾಸಪುರದ ರಸ್ತೆಯಲ್ಲಿ ಮಾವಿನ ತೋಪಿನ ಪಕ್ಕದಲ್ಲೇ ಸೈಟಿನ ಕಲ್ಲು ನೋಡಿ. ಮುಳಬಾಗಿಲನ್ನು ನೋಡಿ. ಮೈಸೂರು ಸೀಮೆಗೆ ಮೂಡಲ ಬಾಗಿಲು, ಅದಕ್ಕೇ ಮುಳಬಾಗಿಲು. 1887ರಲ್ಲಿ ಡಿವಿಜಿ ಹುಟ್ಟಿದ ಊರು. ನಮ್ಮ ಕಾಲದ ಸೈಟು ವ್ಯಾಪಾರಿಯ ಕೈಗೆ ಸಿಕ್ಕಿದ್ದರೆ ಆ ಊರಿಗೆ 'ಈಸ್ಟ್ ಗೇಟ್' ಅಂತ ಹೆಸರಿಟ್ಟು ಮಾರುತ್ತಿರಲಿಲ್ಲವೇ?

ಈಗ ಆ ರಾತ್ರಿಯ ಮಾತಿಗೆ ಬರುತ್ತೇನೆ. ಹೋದ ವರ್ಷ ಆಷಾಢ. ಎದುರು ಮನೆಯಲ್ಲಿ ನಿವೃತ್ತ ಮೇಷ್ಟ್ರು, ಅವರ ಹೆಂಡತಿ, ಇಬ್ಬರೇ. ಮಗನಿಗೆ ಬೆಂಗಳೂರಿನಲ್ಲಿ ರಾತ್ರಿ ಪಾಳಿ. ಹನ್ನೊಂದು ಗಂಟೆಗೆ ಆಯಮ್ಮ ಬಂದು ಬಾಗಿಲು ಬಡಿದರು. ಮೇಷ್ಟ್ರ ಬಾಯಿ ಸೊಟ್ಟಗಾಗಿತ್ತು, ಬಲಗೈ ಜೋತುಬಿದ್ದಿತ್ತು. ಲಕ್ವ! ಆಂಬುಲೆನ್ಸಿಗೆ ಫೋನ್ ಮಾಡಿದೆ. ಬಡಾವಣೆಯ ಹೆಸರು, ಫೇಸು, ಕ್ರಾಸು, ಎಲ್ಲ ಹೇಳಿದೆ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಡ್ರೈವರ್ ಹೆದ್ದಾರಿಯಲ್ಲಿ ಸುತ್ತುತ್ತಿದ್ದಾನೆ. ಅದೇ ಥರದ ಹೆಸರಿನ ಬಡಾವಣೆಗಳು ಆ ರಸ್ತೆಯಲ್ಲಿ ಇನ್ನೂ ಎರಡಿವೆ. ಟೀ ಅಂಗಡಿಯಲ್ಲಿ ಕೇಳಿದನಂತೆ, ಯಾರಿಗೂ ಗೊತ್ತಿಲ್ಲ. ಮೂರನೇ ಸಲ ಫೋನ್ ಬಂದಾಗ ನಾನು ಮತ್ತೆ ಫೇಸು ಕ್ರಾಸು ಅಂತ ಕಿರುಚುತ್ತಿದ್ದೆ. ಹಿಂದಿನಿಂದ ಅಮ್ಮ ಕೂಗಿದರು: "ಜಾಲಿಕುಂಟ ಅನಿ ಚೆಪ್ಪರಾ!"

ಹೇಳಿದೆ. ಆ ಕಡೆಯಿಂದ ಡ್ರೈವರ್ ಅಂದ: "ಅಯ್ಯೋ, ಜಾಲಿಕುಂಟೆನಾ? ಮೊದಲೇ ಹೇಳಬಾರದಾ ಅಣ್ಣಾ!" ಐದೇ ನಿಮಿಷ. ಗಾಡಿ ಬಾಗಿಲಲ್ಲಿತ್ತು.

ಆದರೆ ಅಷ್ಟರಲ್ಲಿ ನಲವತ್ತು ನಿಮಿಷ ಹೋಗಿತ್ತು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆದರೆ, ಅದನ್ನು ಕರಗಿಸುವ ಚುಚ್ಚುಮದ್ದು ಕೊಡಲು ನಾಲ್ಕೂವರೆ ಗಂಟೆಯ ಗಡುವು. ಒಂದೊಂದು ನಿಮಿಷ ಮುಂಚೆ ಸಿಕ್ಕಷ್ಟೂ ಒಳ್ಳೆಯದು ಅನ್ನುತ್ತಾರೆ ವೈದ್ಯರು. ಮೇಷ್ಟ್ರ ಜೀವ ಉಳಿಯಿತು. ಬಲಗೈ ಉಳಿಯಲಿಲ್ಲ. ಎಷ್ಟೋ ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಅ ಆ ಇ ಈ ಬರೆದು ತೋರಿಸಿದ ಕೈ ಅದು. ಆ ನಲವತ್ತು ನಿಮಿಷ ಸಿಕ್ಕಿದ್ದರೆ ಕೈ ಉಳಿಯುತ್ತಿತ್ತೋ ಇಲ್ಲವೋ, ದೇವರೇ ಬಲ್ಲ. ಆದರೆ ಆ ಕೈ ಕಂಡಾಗಲೆಲ್ಲ ನನಗೆ ಆ ಐದು ಸಾವಿರ ಕರಪತ್ರ ನೆನಪಾಗುತ್ತದೆ.

ನೀವು ಕೇಳಬಹುದು: "ಹೆಸರು ಬದಲಾಯಿಸಿದರೆ ನೀರು ಬರುತ್ತದಾ? ರಸ್ತೆ ಬರುತ್ತದಾ?" ನ್ಯಾಯವಾದ ಪ್ರಶ್ನೆ. ಹೆಸರಿನಿಂದ ನೀರು ಬರುವುದಿಲ್ಲ. ಆದರೆ ನೀರು ಕೇಳಲು ಹತ್ತು ಜನ ಒಟ್ಟಾಗಿ ಹೋಗಬೇಕು. ಒಟ್ಟಾಗಲು ಒಂದು ಊರು ಅನ್ನಿಸಬೇಕು. ಊರು ಅನ್ನಿಸಲು ಒಂದು ಹೆಸರು ಬೇಕು, ಎಲ್ಲರೂ ಆಡುವ ಒಂದು ಮಾತು ಬೇಕು. ಇವೆರಡೂ ಇಲ್ಲದ ಕಡೆ ಇರುವುದು ಬರೀ ಮನೆಗಳು. ಬೆಂಗಳೂರು ಮಲಗಲು ಹಾಕಿಕೊಂಡ ಚಾಪೆ!

ಈ ಜಿಲ್ಲೆ ಬೆಂಗಳೂರಿಗೆ ಏನು ಕೊಟ್ಟಿಲ್ಲ? ಟೊಮೆಟೊ, ಹಾಲು, ಮಾವು, ದುಡಿಯುವ ಮಕ್ಕಳು. ಬದಲಿಗೆ 2018ರಲ್ಲಿ ಕೆ.ಸಿ. ವ್ಯಾಲಿಯಿಂದ ನಮ್ಮ ಕೆರೆಗಳಿಗೆ ಬಂದದ್ದು ಬೆಂಗಳೂರು ಬಳಸಿ ಬಿಟ್ಟ, ಎರಡು ಹಂತ ಶುದ್ಧಿ ಮಾಡಿದ ನೀರು. ಬೇಡ ಅನ್ನಲಿಲ್ಲ, ಬರಗಾಲದ ಜಿಲ್ಲೆ ನಮ್ಮದು. ಕಾರ್ಖಾನೆ ಬಂತು, ಅದೂ ಸಂತೋಷ. ಆದರೆ 2020ರ ಡಿಸೆಂಬರ್ 12ರಂದು ನರಸಾಪುರದ ಫೋನ್ ಕಾರ್ಖಾನೆಯಲ್ಲಿ ಸಂಬಳದ ವಿಚಾರಕ್ಕೆ ಕಾರ್ಮಿಕರು ಸಿಡಿದಾಗ ಲೋಕವೆಲ್ಲ ಈ ಕಡೆ ನೋಡಿತು. ಗಾಜು ಒಡೆದದ್ದನ್ನು ಎಲ್ಲರೂ ನೋಡಿದರು. ಒಡೆಯುವ ಮುಂಚೆ ಆ ಮಕ್ಕಳ ದೂರನ್ನು ಅವರ ಮಾತಿನಲ್ಲೇ ಕೂತು ಕೇಳಿದವರು ಎಷ್ಟು ಮಂದಿ? ತನ್ನದೆನ್ನುವ ಊರಿಲ್ಲದವನ ದೂರಿಗೆ ಬೆಲೆ ಇರುವುದಿಲ್ಲ, ತಮ್ಮಾ!

ಅಂಗಡಿ ಮುಂಗಟ್ಟುಗಳ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಹೋರಾಡಿದವರಿಗೆ ನಮಸ್ಕಾರ. ಆದರೆ ನಮ್ಮ ನಾಲಗೆಗೆ ಶೇಕಡಾ ಎಷ್ಟು? ನಮ್ಮ ಬೀದಿಯಲ್ಲಿ ಒಡಿಶಾದಿಂದ ಬಂದ ಕೂಲಿ ಹುಡುಗನೊಬ್ಬ ಬಾಡಿಗೆಗಿದ್ದಾನೆ. "ನೀರು ಬಂತಾ ಅಕ್ಕಾ?" ಅಂತ ನೀರುಗಂಟಿಯ ಹೆಂಡತಿಯನ್ನು ಚೆಂದವಾಗಿ ಕೇಳುತ್ತಾನೆ. ಕೋಲಾರದಲ್ಲೇ ಹುಟ್ಟಿದ ನಮ್ಮ ಹುಡುಗರು ಅವನಿಗೆ ಹಿಂದಿಯಲ್ಲಿ ಉತ್ತರ ಕೊಡುತ್ತಾರೆ! ಕಲಿಯಲು ಬಂದವನ ಬಾಯಿ ಮುಚ್ಚಿಸುವವರು ಯಾರು? ಅವನೋ, ನಾವೋ?

ನಾನು ಈಗ ಎರಡು ಕೆಲಸ ಮಾಡಿದ್ದೇನೆ. ನಮ್ಮ ಕಾಂಪೌಂಡಿನ ಮೇಲೆ ದಪ್ಪಕ್ಷರದಲ್ಲಿ 'ಜಾಲಿಕುಂಟೆ' ಅಂತ ಬರೆಸಿದ್ದೇನೆ. "ಸೈಟಿನ ಬೆಲೆ ಬೀಳುತ್ತೆ" ಅಂತ ಬಡಾವಣೆಯ ಕೆಲವರು ಮುಖ ಸಿಂಡರಿಸಿದರು. ಆರು ಮನೆಯವರು ತಾವೂ ಬರೆಸಿದರು. ಎರಡನೆಯದು, ಕನ್ನಡದ ಒಂದು ಸಾಲೂ ಇಲ್ಲದ ಕೆಲಸ ನನ್ನ ಪ್ರೆಸ್ಸಿನಲ್ಲಿ ಅಚ್ಚಾಗುವುದಿಲ್ಲ. ಎರಡು ಆರ್ಡರು ಬಿಟ್ಟೆ. ನಷ್ಟವಾಯಿತು, ಸುಳ್ಳು ಹೇಳುವುದಿಲ್ಲ.

ನಿಮ್ಮಿಂದ ನಷ್ಟದ ಕೆಲಸ ಕೇಳುತ್ತಿಲ್ಲ. ಈ ಭಾನುವಾರ ಪಕ್ಕದ ಹಳ್ಳಿಗೆ ಹೋಗಿ. ಜಗಲಿಯ ಮೇಲೆ ಕೂತ ಅಜ್ಜಿಯನ್ನು ಕೇಳಿ: "ಅಜ್ಜೀ, ನಮ್ಮ ಮನೆ ಇರುವ ಜಾಗಕ್ಕೆ ಮುಂಚೆ ಏನಂತಿದ್ದರು?" ಆ ಹೆಸರನ್ನು ಗೇಟಿಗೆ ಬರೆಯಿರಿ, ಲಗ್ನಪತ್ರಿಕೆಯ ವಿಳಾಸಕ್ಕೆ ಹಾಕಿ, ಮನೆಯಲ್ಲಿರುವ ಮುದುಕರಿಗೂ ಮಕ್ಕಳಿಗೂ ಬಾಯಿಪಾಠ ಮಾಡಿಸಿ. ನೀವು ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿರುವಾಗ ನಿಮ್ಮ ಅಪ್ಪನ ಮನೆಗೆ ದಾರಿ ಹೇಳಬೇಕಾದದ್ದು ಆ ಹೆಸರೇ.

ಸಿರಿಗನ್ನಡಂ ಗೆಲ್ಗೆ!