ಒಬ್ಬ ಆಂಗ್ಲ ಆಟಗಾರ್ತಿಯ ವೃತ್ತಾಂತ



ಶಬ್ದದ ವ್ಯುತ್ಪತ್ತಿಗಿಂತ ರೂಢಿಯೇ ಬಲವತ್ತರವೆಂದು ನಾವು ವ್ಯಾಕರಣದ ತರಗತಿಯಲ್ಲಿ ಎಷ್ಟೋ ವರ್ಷ ಹೇಳಿಕೊಟ್ಟೆವು. ಲೋಕವ್ಯವಹಾರದಲ್ಲಿಯೂ ಹಾಗೆಯೇ. ಕಾಲ್ಚೆಂಡಿನ ಆಟವು ಬಾಲಕರಿಗೆ ಸಲ್ಲುವುದು, ಬಾಲಿಕೆಯರಿಗೆ ಸಲ್ಲದು ಎಂದು ನಾವು ಓದಿದ ಯಾವ ಶಾಸ್ತ್ರವೂ ವಿಧಿಸಿಲ್ಲ, ರೂಢಿಯು ವಿಧಿಸಿದೆ. ಆ ರೂಢಿಯು ಇಂಗ್ಲೆಂಡಿನಲ್ಲಿ ಲಿಖಿತ ನಿಷೇಧವೇ ಆಗಿ ಪರಿಣಮಿಸಿದ ಸಂಗತಿಯನ್ನೂ, ಆ ನಿಷೇಧದ ನಡುವೆಯೇ ಒಬ್ಬ ಹೆಣ್ಣುಮಗಳು ಸುಮಾರು ಮೂವತ್ತು ವರ್ಷ ಆಡಿದ ಸಂಗತಿಯನ್ನೂ ಈ ತಿಂಗಳು ನಿವೇದಿಸಬೇಕೆಂದು ನಮಗೆ ಮನಸ್ಸಾಗಿದೆ.

ಆಕೆಯ ಹೆಸರು ಲಿಲಿ ಪಾರ್. 1905ನೆಯ ಇಸವಿ ಏಪ್ರಿಲ್ 26ರಂದು ಲ್ಯಾಂಕಷೈರ್ ಪ್ರಾಂತದ ಸೇಂಟ್ ಹೆಲೆನ್ಸ್ ಎಂಬ ಊರಿನಲ್ಲಿ ಜನಿಸಿದಳು. ತಂದೆಯು ಗಾಜಿನ ಕಾರ್ಖಾನೆಯ ಕೂಲಿಗಾರ. ಮನೆಯಲ್ಲಿ ಏಳು ಮಂದಿ ಮಕ್ಕಳು. ಲಿಲಿಯು ಸೋದರರೊಡನೆ ಬಯಲಿನಲ್ಲಿ ಚೆಂಡನ್ನು ಒದೆಯುತ್ತ ಬೆಳೆದಳು.

ಆಗ್ಗೆ ಮೊದಲನೆಯ ಮಹಾಯುದ್ಧವು ನಡೆಯುತ್ತಿದ್ದಿತು. ಗಂಡಸರು ರಣರಂಗಕ್ಕೆ ಹೋದುದರಿಂದ ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಹೆಂಗಸರೇ ದುಡಿಯಬೇಕಾಯಿತು. ಪ್ರೆಸ್ಟನ್ ನಗರದ ಡಿಕ್, ಕೆರ್ ಎಂಬ ಕಾರ್ಖಾನೆಯ ಸ್ತ್ರೀಯರು ಬಿಡುವಿನ ವೇಳೆಯಲ್ಲಿ ಅಂಗಳದಲ್ಲಿ ಆಡತೊಡಗಿ, 1917ರಲ್ಲಿ ಒಂದು ತಂಡವನ್ನೇ ಕಟ್ಟಿದರು. ಆ ವರ್ಷದ ಕ್ರಿಸ್‌ಮಸ್ ದಿನ, ಗಾಯಗೊಂಡ ಸೈನಿಕರ ಆಸ್ಪತ್ರೆಯ ಸಹಾಯಾರ್ಥವಾಗಿ ಅವರು ಆಡಿದ ಪಂದ್ಯವನ್ನು ನೋಡಲು 10,000 ಜನ ನೆರೆದರಂತೆ. ಯುದ್ಧವು ಮುಗಿದ ಬಳಿಕ ಲಿಲಿಯು ಈ ತಂಡವನ್ನು ಸೇರಿದಳು. ಆಗ ಅವಳಿನ್ನೂ ಹದಿನಾಲ್ಕು ಹದಿನೈದರ ಬಾಲೆ. ಎಡಪಕ್ಕದ ಮುಂಚೂಣಿಯು ಅವಳ ಸ್ಥಾನ. ಆಳೆತ್ತರದ ಆ ಹುಡುಗಿಯು ಎಡಗಾಲಿನಿಂದ ಹೊಡೆದರೆ ಚೆಂಡು ಗುಂಡಿನಂತೆ ಹೋಗುತ್ತಿದ್ದಿತೆಂದು ಕಂಡವರು ಹೇಳಿರುವರು. ಒಂದು ಪಂದ್ಯಕ್ಕೆ 10 ಷಿಲಿಂಗ್ ದೊರೆಯುತ್ತಿದ್ದಿತು. ಅದೂ ಸಂಬಳವೆಂದಲ್ಲ, ತಪ್ಪಿಹೋದ ಕೂಲಿಗೆ ಪರಿಹಾರವೆಂದು.

1920ನೆಯ ಇಸವಿ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕ್ ಮೈದಾನದಲ್ಲಿ ಈ ತಂಡವು ಸೇಂಟ್ ಹೆಲೆನ್ಸಿನ ತಂಡವನ್ನು ಎದುರಿಸಿತು. ಪ್ರೇಕ್ಷಕರು 53,000, ಒಳಗೆ ಜಾಗವಿಲ್ಲದೆ ಹಿಂದಿರುಗಿದವರು ಇನ್ನೂ ಸಹಸ್ರಾರು. ಕೂಡಿದ ಹಣವು 3,000 ಪೌಂಡುಗಳನ್ನು ಮೀರಿ, ಯುದ್ಧದಿಂದ ಮರಳಿದ ಬಡ ಸೈನಿಕರಿಗೆ ಸಂದಿತು.

ಹೀಗಿರಲು, ಮರುವರ್ಷ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಘವು ಒಂದು ನಿರ್ಣಯವನ್ನು ಮಾಡಿತು: ಸಂಘಕ್ಕೆ ಸೇರಿದ ಯಾವ ಕ್ಲಬ್ಬೂ ಸ್ತ್ರೀಯರ ಪಂದ್ಯಕ್ಕೆ ತನ್ನ ಮೈದಾನವನ್ನು ಕೊಡಕೂಡದು. ಹೇಳಿದ ಕಾರಣಗಳು ಎರಡು. ಈ ಆಟವು ಸ್ತ್ರೀಯರಿಗೆ ತಕ್ಕುದಲ್ಲವೆಂಬುದು ಒಂದು. ಧರ್ಮಾರ್ಥವಾಗಿ ಕೂಡಿದ ಹಣದಲ್ಲಿ ಹೆಚ್ಚಿನ ಭಾಗವು ಖರ್ಚಿಗೇ ಹೋಗುತ್ತಿದೆಯೆಂಬುದು ಮತ್ತೊಂದು. ಎರಡನೆಯದು ನಿಜವೆಂದೇ ಇಟ್ಟುಕೊಳ್ಳೋಣ. ಲೆಕ್ಕದಲ್ಲಿ ತಪ್ಪಿದ್ದರೆ ಲೆಕ್ಕವನ್ನು ತಿದ್ದಬೇಕು. ಬಯಲಿಗೆ ಬೀಗ ಹಾಕುವುದು ಯಾವ ನ್ಯಾಯ?

ಇದರ ಪರಿಣಾಮವನ್ನು ವಾಚಕರು ಚೆನ್ನಾಗಿ ಗಮನಿಸಬೇಕು. ಆಟವು ನಿಲ್ಲಲಿಲ್ಲ. ಉದ್ಯಾನಗಳಲ್ಲಿಯೂ ಸಣ್ಣ ಬಯಲುಗಳಲ್ಲಿಯೂ ಅವರು ಆಡುತ್ತಲೇ ಇದ್ದರು. 1922ರಲ್ಲಿ ಅಮೆರಿಕೆಗೆ ಹೋಗಿ ಗಂಡಸರ ತಂಡಗಳೊಡನೆಯೂ ಸೆಣಸಿದರು. ಆದರೆ ದೊಡ್ಡ ಮೈದಾನವಿಲ್ಲದಿದ್ದರೆ ದೊಡ್ಡ ಜನಸಂದಣಿಯಿಲ್ಲ, ಜನಸಂದಣಿಯಿಲ್ಲದಿದ್ದರೆ ಹಣವಿಲ್ಲ, ಹಣವಿಲ್ಲದೆ ಆಟವು ಜೀವನೋಪಾಯವಾಗಲಾರದು. ನಿಷೇಧವು ಕೊಂದುದು ಆಟವನ್ನಲ್ಲ, ವೃತ್ತಿಯನ್ನು. ಲಿಲಿ ಪಾರ್ ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ ದಾದಿಯಾಗಿ ದುಡಿದು ಹೊಟ್ಟೆ ಹೊರೆದಳು, ಬಿಡುವಿನಲ್ಲಿ ಆಡಿದಳು. 1951ರಲ್ಲಿ ಆಟದಿಂದ ನಿವೃತ್ತಳಾಗುವ ಹೊತ್ತಿಗೆ ಅವಳು ಹೊಡೆದ ಗೋಲುಗಳು ಒಂಬೈನೂರಕ್ಕೂ ಮಿಗಿಲೆಂದು ಎಣಿಕೆಯುಂಟು.

ನಿಷೇಧವು ತೊಲಗಲು ಅರ್ಧ ಶತಮಾನ ಹಿಡಿಯಿತು. 1971ರ ಹೊತ್ತಿಗೆ ಮೈದಾನಗಳು ಮತ್ತೆ ತೆರೆದವು. ಅದನ್ನು ಕಂಡು ಲಿಲಿಯು 1978ರಲ್ಲಿ ತೀರಿಕೊಂಡಳು. 2002ರಲ್ಲಿ ಆ ದೇಶದ ಫುಟ್‌ಬಾಲ್ ಸಂಗ್ರಹಾಲಯದ ಕೀರ್ತಿಶಾಲೆಯಲ್ಲಿ ಅವಳ ಹೆಸರು ಸೇರಿತು. 2019ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅವಳ ಪ್ರತಿಮೆಯು ನಿಂತಿತು. ಅಲ್ಲಿನ ಸ್ತ್ರೀಯರ ಅಗ್ರ ಲೀಗು 2011ರಲ್ಲಿ ಆರಂಭವಾಗಿ, 2018ರಿಂದ ಪೂರ್ಣವಾಗಿ ವೃತ್ತಿಪರವಾಯಿತು. 2022ನೆಯ ಇಸವಿ ಜುಲೈ 31ರಂದು ವೆಂಬ್ಲಿಯಲ್ಲಿ 87,192 ಜನರೆದುರು ಕ್ಲೋಯಿ ಕೆಲ್ಲಿ ಎಂಬ ಮುಂಚೂಣಿಯ ಆಟಗಾರ್ತಿಯು 110ನೆಯ ನಿಮಿಷದಲ್ಲಿ ಗೋಲು ಹೊಡೆದು, ಇಂಗ್ಲೆಂಡಿಗೆ ಯುರೋಪಿನ ಪ್ರಶಸ್ತಿಯನ್ನು ತಂದಳು. ಅವಳಿಗೆ ಆಟವೇ ಉದ್ಯೋಗ. ಲಿಲಿಗೆ ದೊರೆಯದಿದ್ದುದು ಅದೊಂದೇ.

ಪರರನ್ನು ದೂಷಿಸುವುದಕ್ಕೆ ಮುನ್ನ ನಮ್ಮದನ್ನೂ ಹೇಳಿಬಿಡುವುದು ಲೇಸು. ನಾವು ಉಪಾಧ್ಯಾಯರಾಗಿದ್ದಾಗ, ಆಟದ ಗಂಟೆಯಾದರೆ ಚೆಂಡನ್ನು ಹುಡುಗರ ಕೈಗೆ ಕೊಟ್ಟು ಸೀಟಿ ಊದುತ್ತಿದ್ದೆವು. ಹುಡುಗಿಯರು ಗೋಡೆಯ ನೆರಳಿನಲ್ಲಿ ಕುಳಿತು ನೋಡುತ್ತಿದ್ದರು. ಆಡಬೇಡಿರೆಂದು ನಾವು ಎಂದೂ ಹೇಳಲಿಲ್ಲ, ಬನ್ನಿರೆಂದೂ ಕರೆಯಲಿಲ್ಲ. ನಿರ್ಣಯವನ್ನು ಬರೆಯದೆಯೇ ನಿಷೇಧವನ್ನು ನಡೆಸಿದಂತಾಯಿತು. ಅವರಲ್ಲಿ ಯಾರ ಕಾಲಿನಲ್ಲಿ ಎಂಥ ಬಲವಿದ್ದಿತೋ, ಈಗ ಯಾರು ಬಲ್ಲರು?

ಆದಕಾರಣ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಮನೆಯಲ್ಲಿ ಚೆಂಡಿನ ಹಿಂದೆ ಓಡುವ ಮಗಳೋ ಮೊಮ್ಮಗಳೋ ಇದ್ದರೆ, ಸಂಜೆಯ ಅರ್ಧ ಗಂಟೆಯನ್ನು ಅವಳಿಗೆ ಬಿಟ್ಟುಕೊಡಿರಿ. ಪಾತ್ರೆ ತೊಳೆಯುವ ಕೆಲಸವು ಅಣ್ಣನಿಂದಲೂ ಆಗುತ್ತದೆ.