ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಆ ಗಾದೆ ಹುಟ್ಟಿದ ಕಾಲಕ್ಕೆ ನಮ್ಮ ನಾಡಿನಲ್ಲಿ ಮೋಟಾರು ಕಾರುಗಳಿರಲಿಲ್ಲ. ಆದರೂ ಹಳೆಯ ಕಾರುಗಳ ವಿದ್ಯುತ್ ದೋಷಗಳನ್ನು ಇಂದು ನಾವು ದುರಸ್ತಿ ಮಾಡಿಸಿಕೊಳ್ಳುತ್ತಿರುವ ಬಗೆಯನ್ನು ಕಂಡಾಗ, ಅದು ಇದಕ್ಕಾಗಿಯೇ ಹುಟ್ಟಿತೇನೋ ಎನ್ನಿಸದಿರದು. ಬೇನೆ ಎಲ್ಲಿದೆಯೆಂದು ನೋಡದೆ ಭಾಗಗಳನ್ನು ಒಂದೊಂದಾಗಿ ಬದಲಾಯಿಸುತ್ತ ಹೋಗುವುದು ಪರೀಕ್ಷೆಯಲ್ಲ. ವಿಜ್ಞಾನವಂತೂ ಅಲ್ಲವೇ ಅಲ್ಲ. ಈ ಮಾತನ್ನು ಒಂದು ಚಿಕ್ಕ ಪ್ರಸಂಗದಿಂದ ವಿಶದಪಡಿಸಲು ಬಯಸುತ್ತೇವೆ.

ಯಲಹಂಕದಲ್ಲಿರುವ ನಮ್ಮ ಬಂಧುಗಳೊಬ್ಬರ ಬಳಿ ಹದಿನೈದು ವರ್ಷ ದಾಟಿದ ಸಣ್ಣ ಕಾರೊಂದುಂಟು. ಒಂದು ಗುಂಡಿಯನ್ನು ಒತ್ತಿದೊಡನೆ ನಾಲ್ಕು ಬಾಗಿಲುಗಳಿಗೂ ಬೀಗ ಬೀಳುವ ಏರ್ಪಾಡು, ಅಂದರೆ ಸೆಂಟ್ರಲ್ ಲಾಕಿಂಗ್, ಅದರಲ್ಲಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಮೂರು ಬಾಗಿಲುಗಳು ಆಜ್ಞೆಯನ್ನು ಪಾಲಿಸುತ್ತಿದ್ದವು. ಚಾಲಕನ ಬಾಗಿಲು ಮಾತ್ರ ಒಮ್ಮೆ ಪಾಲಿಸಿದರೆ ನಾಲ್ಕು ಬಾರಿ ಸುಮ್ಮನಿರುತ್ತಿತ್ತು. ದುರಸ್ತಿಯ ಅಂಗಡಿಯಲ್ಲಿ ಮೊದಲು ಆ ಬಾಗಿಲಿನ ಮೋಟಾರನ್ನು ಬದಲಾಯಿಸಿದರು. ಎರಡು ದಿನ ಎಲ್ಲವೂ ಸರಿಯಾಗಿದ್ದು ಮೂರನೆಯ ದಿನ ಹಳೆಯ ಚಾಳಿ ಮರಳಿತು. ಬಳಿಕ ನಿಯಂತ್ರಕ ಪೆಟ್ಟಿಗೆಯನ್ನು ಬದಲಾಯಿಸಿದರು. ಅನಂತರ ಬ್ಯಾಟರಿಯ ಸರದಿ ಬಂದಿತು. ಮೂರು ಹೊಸ ಭಾಗಗಳ ಬೆಲೆ ತೆತ್ತ ಮೇಲೂ ಬಾಗಿಲು ಮೊದಲಿನಂತೆಯೇ ಮೌನವಾಗಿತ್ತು.

ಈ ಬೀಗದ ರಚನೆ ಗಹನವಾದುದೇನೂ ಅಲ್ಲ. ಪ್ರತಿ ಬಾಗಿಲಿನ ಒಳಗೆ ಒಂದು ಪುಟ್ಟ ಮೋಟಾರು ಹಲ್ಲುಚಕ್ರಗಳ ಮೂಲಕ ಬೀಗದ ಸರಳನ್ನು ದೂಡುತ್ತದೆ. ಅದಕ್ಕೆ ಎರಡು ತಂತಿಗಳು. ಪ್ರವಾಹವು ಒಂದು ದಿಕ್ಕಿನಲ್ಲಿ ಹರಿದರೆ ಬೀಗ ಬೀಳುತ್ತದೆ, ವಿರುದ್ಧ ದಿಕ್ಕಿನಲ್ಲಿ ಹರಿದರೆ ತೆರೆಯುತ್ತದೆ. ದಿಕ್ಕನ್ನು ಬದಲಿಸುವ ಕೆಲಸ ನಿಯಂತ್ರಕ ಪೆಟ್ಟಿಗೆಯಲ್ಲಿರುವ ರಿಲೇಗಳದು. ಅಲ್ಲಿಂದ ಹೊರಟ ತಂತಿಗಳು ಕಾರಿನ ಒಡಲಿನಿಂದ ಬಾಗಿಲಿಗೆ ದಾಟುವಲ್ಲಿ, ಕೀಲುಗಳ ನಡುವೆ, ಸುಕ್ಕುಸುಕ್ಕಾದ ಒಂದು ರಬ್ಬರ್ ಕೊಳವೆಯೊಳಗೆ ಸಾಗುತ್ತವೆ. ಬಾಗಿಲು ತೆರೆದಾಗಲೆಲ್ಲ ಈ ತಂತಿಗಳು ಬಾಗುತ್ತವೆ. ದಿನಕ್ಕೆ ಹತ್ತು ಬಾರಿ ಬಾಗಿಲನ್ನು ತೆರೆದು ಮುಚ್ಚಿದರೆ ವರ್ಷಕ್ಕೆ 3,650 ಬಾರಿ ಆಯಿತು. ಹದಿನೈದು ವರ್ಷಗಳಲ್ಲಿ 54,750 ಬಾರಿ. ಇಷ್ಟು ಬಾರಿ ಬಾಗಿದ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುವುದರಲ್ಲಿ ಆಶ್ಚರ್ಯವೇನು? ಚಾಲಕನ ಬಾಗಿಲೇ ಮೊದಲು ಕೈಕೊಡುವುದು ಆಕಸ್ಮಿಕವಲ್ಲ. ಅದೇ ಎಲ್ಲಕ್ಕಿಂತ ಹೆಚ್ಚಾಗಿ ತೆರೆಯಲ್ಪಡುವ ಬಾಗಿಲು.

ಕೊನೆಗೆ ಕಾರು ನಮ್ಮ ಕೈಗೆ ಬಂದಾಗ ನಾವೂ ಮೊದಲು ಮೋಸಹೋದೆವೆಂದು ಒಪ್ಪಿಕೊಳ್ಳಬೇಕು. ಮೋಟಾರಿನ ಸಂಪರ್ಕವನ್ನು ಬಿಡಿಸಿ, ತಂತಿಗಳ ತುದಿಗೆ ಮಲ್ಟಿಮೀಟರನ್ನು ಹಿಡಿದು ಗುಂಡಿಯನ್ನು ಒತ್ತಿದೆವು. ಮೀಟರು 12 ವೋಲ್ಟುಗಳನ್ನು ತೋರಿಸಿತು. ತಂತಿ ಸರಿಯಾಗಿದೆ ಎಂದು ತೀರ್ಮಾನಿಸಿದೆವು. ಯಶವಂತಪುರದ ಓಣಿಯೊಂದರಲ್ಲಿ ಬಹುಕಾಲದಿಂದ ಕಾರುಗಳ ವಿದ್ಯುತ್ ಕೆಲಸ ಮಾಡುತ್ತಿರುವ ವೃದ್ಧರೊಬ್ಬರು ಇದನ್ನು ಕೇಳಿ ನಕ್ಕರು. ಬ್ರೇಕ್ ದೀಪಕ್ಕೆ ಹಾಕುವ 21 ವ್ಯಾಟಿನ ಬಲ್ಬೊಂದನ್ನು ಎರಡು ತಂತಿಗಳಿಗೆ ಸೇರಿಸಿ ಕೊಟ್ಟು, ಇದರಿಂದ ನೋಡಿರೆಂದರು. ಸರಿಯಾಗಿದ್ದ ಎಡಬಾಗಿಲಿಗೆ ಜೋಡಿಸಿದಾಗ ಆ ಬಲ್ಬು ಗುಂಡಿ ಒತ್ತಿದೊಡನೆ ಪ್ರಕಾಶಮಾನವಾಗಿ ಮಿನುಗಿತು. ಚಾಲಕನ ಬಾಗಿಲಿನಲ್ಲಿ ಕೆಂಡದಂತೆ ಮಂಕಾಗಿ ಕೆಂಪೇರಿ ಆರಿತು. ರಬ್ಬರ್ ಕೊಳವೆಯನ್ನು ಕೈಯಲ್ಲಿ ಹಿಡಿದು ಮೆಲ್ಲನೆ ಬಾಗಿಸುತ್ತ ಮತ್ತೆ ಒತ್ತಿದಾಗ ಒಂದು ಸ್ಥಿತಿಯಲ್ಲಿ ಬಲ್ಬು ಪೂರ್ಣವಾಗಿ ಬೆಳಗಿತು. ಕೊಳವೆಯನ್ನು ಸರಿಸಿ ನೋಡಿದರೆ ಒಳಗೆ ಹಸುರುಗಟ್ಟಿದ ತಂತಿಯೊಂದು ಒಂದೆರಡು ಎಳೆಗಳ ಮೇಲೆ ನಿಂತಿತ್ತು. ಗೇಣುದ್ದದ ಹೊಸ ತಂತಿಯನ್ನು ಬೆಸೆದು, ಮೇಲೆ ಹೊದಿಕೆಯನ್ನು ಹಾಕಿದ ಮೇಲೆ ಬಾಗಿಲು ಇಂದಿನವರೆಗೂ ತಪ್ಪಿಲ್ಲ. ಮೊದಲ ದುರಸ್ತಿ ಎರಡು ದಿನ ಫಲಿಸಿದುದರ ರಹಸ್ಯವೂ ಇದೇ: ಮೋಟಾರನ್ನು ಬಿಚ್ಚುವಾಗ ತಂತಿ ಅಲುಗಿ, ಮುರಿದ ಎಳೆಗಳು ತಾತ್ಕಾಲಿಕವಾಗಿ ಒಂದನ್ನೊಂದು ತಾಕಿದ್ದವು.

ಮೀಟರು ಸುಳ್ಳು ಹೇಳಿತೇ? ಇಲ್ಲ, ನಾವು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಜರ್ಮನಿಯ ಓಮ್ 1827ರಲ್ಲಿ ಪ್ರಕಟಿಸಿದ, ಇಂದು ಪ್ರೌಢಶಾಲೆಯಲ್ಲಿ ನೀವೆಲ್ಲರೂ ಕಲಿಯುವ ನಿಯಮವನ್ನೇ ಇಲ್ಲಿಗೆ ಅನ್ವಯಿಸಿರಿ. ಲೆಕ್ಕದ ಸೌಕರ್ಯಕ್ಕಾಗಿ, ಹೊರಡುವ ಕ್ಷಣದಲ್ಲಿ ಮೋಟಾರಿನ ರೋಧ 2 ಓಮ್ ಎಂದು ಇಟ್ಟುಕೊಳ್ಳೋಣ. ತಂತಿ ಸರಿಯಾಗಿದ್ದರೆ 12 ವೋಲ್ಟಿಗೆ 6 ಆಂಪೇರ್ ಹರಿಯುತ್ತದೆ. ಮುರಿದ ಎಡೆಯಲ್ಲಿ 4 ಓಮ್ ರೋಧ ಸೇರಿಕೊಂಡರೆ ಒಟ್ಟು 6 ಓಮ್. ಹರಿಯುವುದು 2 ಆಂಪೇರ್ ಮಾತ್ರ. ಆಗ 8 ವೋಲ್ಟು ಮುರಿದ ಎಡೆಯಲ್ಲೇ ವ್ಯಯವಾಗಿ ಮೋಟಾರಿಗೆ ದಕ್ಕುವುದು 4 ವೋಲ್ಟು. ಆದರೆ ಮೋಟಾರಿನ ಸ್ಥಾನದಲ್ಲಿ ಮೀಟರನ್ನು ಇಟ್ಟರೆ? ಸಾಮಾನ್ಯ ಡಿಜಿಟಲ್ ಮೀಟರಿನ ರೋಧ ಸುಮಾರು ಒಂದು ಕೋಟಿ ಓಮ್. ಅದರ ಮುಂದೆ 4 ಓಮ್ ಗಣನೆಗೇ ಬಾರದು. ಪ್ರವಾಹವೂ ಇಲ್ಲವೆನ್ನುವಷ್ಟು ಕಡಿಮೆ. ಆದುದರಿಂದ ಮೀಟರು ಪೂರ್ಣ 12 ವೋಲ್ಟನ್ನೇ ತೋರಿಸುತ್ತದೆ. ಹೊರೆಯಿಲ್ಲದೆ ನಿಂತ ಗಾಡಿಯ ಅಚ್ಚು ಗಟ್ಟಿಯಾಗಿರುವಂತೆಯೇ ಕಾಣುತ್ತದೆ. ಮೂಟೆ ಹೇರಿದಾಗಲೇ ಅದರ ಬಿರುಕು ಬಯಲಾಗುವುದು. ಬಲ್ಬು ಸುಮಾರು ಎರಡು ಆಂಪೇರ್ ಪ್ರವಾಹವನ್ನು ಬೇಡಿ ಮಾರ್ಗಕ್ಕೆ ಹೊರೆ ಹೇರಿತು. ಅಗ್ಗದ ಬಲ್ಬು ಸತ್ಯವನ್ನು ಹೊರಗೆಡಹಿತು.

ಇಲ್ಲಿ ನಡೆದುದೆಲ್ಲ ಪ್ರಯೋಗಶಾಲೆಯ ಕ್ರಮವೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಎಡಬಾಗಿಲು ಹೋಲಿಕೆಯ ಮಾದರಿಯಾಯಿತು. ಒಂದು ಬಾರಿಗೆ ಒಂದೇ ಅಂಶವನ್ನು ಬದಲಿಸಲಾಯಿತು. ಊಹೆಯನ್ನು ಕೊಳವೆಯನ್ನು ಬಾಗಿಸಿ ಪರೀಕ್ಷಿಸಲಾಯಿತು. ದೋಷವನ್ನು ಬೇಕೆಂದಾಗ ಬರಿಸಿ ಬೇಕೆಂದಾಗ ಹೋಗಲಾಡಿಸುವುದು ಸಾಧ್ಯವಾದಾಗಲೇ ಅದರ ಕಾರಣ ತಿಳಿಯಿತೆಂದು ಹೇಳಬಹುದು. ಅದಕ್ಕೆ ಮೊದಲು ಬದಲಾಯಿಸಿದ ಯಾವ ಭಾಗವೂ ಕುರುಡುಪೆಟ್ಟೇ ಸರಿ.

ಹಾಗೆಂದು ದೋಷವನ್ನೆಲ್ಲ ದುರಸ್ತಿಗಾರರ ಮೇಲೆ ಹೊರಿಸುವುದು ನ್ಯಾಯವಲ್ಲ. ಹೆಬ್ಬಾಳ, ಆರ್. ಟಿ. ನಗರಗಳ ಕಡೆಯ ಚಿಕ್ಕ ಅಂಗಡಿಗಳಲ್ಲಿ ದುಡಿಯುವವರು ಎರಡು ಗಂಟೆ ಹುಡುಕಿ ಗೇಣುದ್ದದ ತಂತಿಯನ್ನು ಬೆಸೆದರೆ, ತಂತಿಯ ಬೆಲೆಯಷ್ಟೇ ಕೊಡುವವರು ನಾವು. ಅದೇ ಹೊಸ ಪೆಟ್ಟಿಗೆಯೊಂದನ್ನು ತೋರಿಸಿದರೆ ಮರುಮಾತಿಲ್ಲದೆ ಸಾವಿರಾರು ರೂಪಾಯಿ ಎಣಿಸುತ್ತೇವೆ. ವಸ್ತುವಿಗೆ ಬೆಲೆಯುಂಟು, ಆಲೋಚನೆಗೆ ಬೆಲೆಯಿಲ್ಲ ಎಂದು ನಾವೇ ಕಲಿಸಿದ ಮೇಲೆ, ಆಲೋಚಿಸುವವರು ಕಡಿಮೆಯಾದರೆಂದು ಗೊಣಗಿ ಫಲವೇನು? ಪರೀಕ್ಷೆಗೆ ಪ್ರತ್ಯೇಕವಾಗಿ ಹಣ ಕೊಡುವ ವಾಡಿಕೆ ಬೆಳೆಯಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಉತ್ತರ ಬೆಂಗಳೂರಿನವರಿಗೆ ಇದು ಕೇವಲ ತಾತ್ತ್ವಿಕ ವಿಷಯವಲ್ಲ. 2021ರ ನವೆಂಬರಿನಲ್ಲಿಯೂ 2024ರ ಅಕ್ಟೋಬರಿನಲ್ಲಿಯೂ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿ, ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಇಂತಹ ನೀರಿನಲ್ಲಿ ನಿಂತ ಕಾರು ಒಣಗಿದ ಮೇಲೆ ಚೆನ್ನಾಗಿಯೇ ಓಡಬಹುದು. ಆದರೆ ಜೋಡಣೆಗಳೊಳಗೆ ಸೇರಿದ ತೇವ ತಿಂಗಳುಗಟ್ಟಲೆ ತಾಮ್ರವನ್ನು ತಿನ್ನುತ್ತಿರುತ್ತದೆ. ಕಾರಿನಲ್ಲಿ ಪ್ರವಾಹವು ಬ್ಯಾಟರಿಗೆ ಮರಳುವ ದಾರಿ ಅದರ ಉಕ್ಕಿನ ಒಡಲೇ ಆದುದರಿಂದ, ಒಡಲಿಗೆ ತಂತಿಯನ್ನು ಬಿಗಿದಿರುವ ತಿರುಪಿಗೆ ತುಕ್ಕು ಹಿಡಿದರೂ ಸಾಕು: ಒಂದು ದೀಪ ಹಾಕಿದರೆ ಮತ್ತೊಂದು ಮಂಕಾಗುವ, ಬೀಗಗಳು ಚೇಷ್ಟೆ ಮಾಡುವ ವಿಚಿತ್ರಗಳು ಆರಂಭವಾಗುತ್ತವೆ. ಕೆಟ್ಟ ಬೀಗದ ಸ್ವಿಚ್ಚೊಂದು ನಿಯಂತ್ರಕವನ್ನು ರಾತ್ರಿಯೆಲ್ಲ ಎಚ್ಚರವಾಗಿಟ್ಟು ಅರ್ಧ ಆಂಪೇರ್ ಹೀರುವಂತೆ ಮಾಡಿದರೆ, 45 ಆಂಪೇರ್-ಗಂಟೆಯ ಬ್ಯಾಟರಿ 90 ಗಂಟೆಗಳಲ್ಲಿ, ಎಂದರೆ ನಾಲ್ಕು ದಿನಗಳೊಳಗೆ, ಬರಿದಾಗುತ್ತದೆ. ಇಂತಹ ಕಾರಿಗೆ ಎಷ್ಟು ಹೊಸ ಬ್ಯಾಟರಿಗಳನ್ನು ತಂದರೂ ತೂತಾದ ಕೊಡಕ್ಕೆ ನೀರು ಹೊಯ್ದಂತೆ.

ಈಗಿನ ಕಾರುಗಳಲ್ಲಿ ಗಣಕಗಳಿವೆ, ದೋಷಸಂಖ್ಯೆಯನ್ನು ಓದುವ ಉಪಕರಣಗಳಿವೆ, ಈ ಹಳೆಯ ವಿದ್ಯೆ ಏತಕ್ಕೆ ಎಂದು ಕೆಲವರು ಕೇಳಬಹುದು. 1986ರಲ್ಲಿ ಜರ್ಮನಿಯ ಬಾಷ್ ಸಂಸ್ಥೆ ಪರಿಚಯಿಸಿದ ಕ್ಯಾನ್ ಎಂಬ ಸಂದೇಶಜಾಲವು ಕಾರಿನ ಅನೇಕ ನಿಯಂತ್ರಕಗಳು ಒಂದೇ ಜೋಡಿ ತಂತಿಗಳಲ್ಲಿ ಮಾತನಾಡುವಂತೆ ಮಾಡಿತು. ಇದು ನಿಜವಾದ ಮುನ್ನಡೆ. ಆದರೆ ಉಪಕರಣವು ಹೇಳುವುದು ಲಕ್ಷಣವನ್ನು, ಕಾರಣವನ್ನಲ್ಲ. ಬಾಗಿಲಿನಿಂದ ಉತ್ತರ ಬರಲಿಲ್ಲವೆಂದು ಅದು ತಿಳಿಸಬಲ್ಲುದು. ಬಾಗಿಲಿನ ಯಂತ್ರ ಕೆಟ್ಟಿತೇ, ತಂತಿ ಮುರಿಯಿತೇ ಎಂಬುದನ್ನು ಮನುಷ್ಯನೇ ಹುಡುಕಬೇಕು.

ವಿದ್ಯುದ್ವಿಜ್ಞಾನ ಈ ಊರಿಗೆ ಹೊಸತಲ್ಲ. 1905ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿಸಿತು. ಯಶವಂತಪುರದ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1911ರಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದಾಗ ವಿದ್ಯುತ್ ತಂತ್ರಶಾಸ್ತ್ರವೂ ಅವರ ಪಾಠವಿಷಯಗಳಲ್ಲೊಂದಾಗಿತ್ತು. ಅಂತಹ ಊರಿನಲ್ಲಿ ಓಮನ ನಿಯಮಕ್ಕೆ ಪೂರ್ಣ ಅಂಕ ಪಡೆದ ಯುವಕ ಯುವತಿಯರು ಕಾರಿನ ಬಾಗಿಲಿನ ಮುಂದೆ ನಿರುತ್ತರರಾಗುವುದು ಶೋಚನೀಯ. ಗುಜರಿಯ ಕಾರಿನ ಬಾಗಿಲೊಂದು, ಒಂದು ಬ್ಯಾಟರಿ, ಕೆಲವು ನೂರು ರೂಪಾಯಿಗಳ ಮೀಟರು, ಒಂದು ಬಲ್ಬು: ಇಷ್ಟನ್ನು ಶಾಲೆಯ ಮೇಜಿನ ಮೇಲಿಟ್ಟು, ಉಪಾಧ್ಯಾಯರು ಗುಟ್ಟಾಗಿ ಒಂದು ತಂತಿಯನ್ನು ಕೆಡಿಸಿ, ಹುಡುಕಿರೆಂದರೆ ಸಾಕು. ಪುಸ್ತಕದ ಹತ್ತು ಲೆಕ್ಕಗಳು ಕಲಿಸದುದನ್ನು ಆ ಒಂದು ಗಂಟೆ ಕಲಿಸೀತು.

ಎಚ್ಚರಿಕೆಯ ಮಾತೊಂದುಂಟು. 12 ವೋಲ್ಟು ಮೈಗೆ ಆಘಾತ ಮಾಡದಿದ್ದರೂ, ಬ್ಯಾಟರಿಯ ಎರಡು ತುದಿಗಳು ಲೋಹದಿಂದ ಕೂಡಿದರೆ ನೂರಾರು ಆಂಪೇರ್ ಹರಿದು ಬೆಂಕಿ ಹೊತ್ತೀತು. ತಂತಿಯನ್ನು ಬೆಸೆಯುವ ಮುನ್ನ ಬ್ಯಾಟರಿಯ ಋಣ ತುದಿಯನ್ನು ಬಿಡಿಸಿಡಬೇಕು. ಸುಟ್ಟ ಫ್ಯೂಸಿನ ಬದಲಿಗೆ ಹೆಚ್ಚಿನ ಬಲದ್ದನ್ನಾಗಲಿ ತಂತಿಯ ತುಣುಕನ್ನಾಗಲಿ ಎಂದಿಗೂ ಹಾಕಕೂಡದು. ಬಲ್ಬಿನ ಪರೀಕ್ಷೆ ಬೀಗದ ಮೋಟಾರು, ದೀಪಗಳಂತಹ ಮಾರ್ಗಗಳಿಗೆ ಮಾತ್ರ ತಕ್ಕುದು; ಗಣಕದ ಮತ್ತು ಗಾಳಿಚೀಲದ ತಂತಿಗಳ ಬಳಿ ಅದು ಸಲ್ಲದು. ವಿದ್ಯುತ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ತಂತಿಗಳು ಪ್ರಾಣಾಪಾಯಕರ, ಅವುಗಳನ್ನು ಮುಟ್ಟಲೇಬಾರದು.

ಭಾಗವನ್ನು ಬದಲಾಯಿಸುವುದಕ್ಕೆ ಹಣವಿದ್ದರೆ ಸಾಕು. ದೋಷವನ್ನು ಕಂಡುಹಿಡಿಯುವುದಕ್ಕೆ ಸರಿಯಾದ ಪ್ರಶ್ನೆ ಬೇಕು, ಉತ್ತರ ದೊರೆಯುವವರೆಗೆ ತಾಳ್ಮೆ ಬೇಕು. ಎಮ್ಮೆಗೆ ಬರೆ ಹಾಕುವ ಮುನ್ನ ಎತ್ತಿನ ಮೈಯನ್ನು ಮುಟ್ಟಿ ನೋಡುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಯಲಿ.