ಕೆರೆಯೂ ನಮ್ಮ ಬಾಳೂ

ನಮ್ಮದು ನದಿಗಳ ನಾಡೆಂದು ಹೇಳಿಕೊಳ್ಳುವುದು ವಾಡಿಕೆ. ಗಂಗೆ, ಗೋದಾವರಿ, ಕಾವೇರಿಯರ ಹೆಸರು ಕೇಳಿದೊಡನೆ ಮನಸ್ಸು ಹಿಗ್ಗುತ್ತದೆ. ಆದರೆ ಈ ದೇಶದ ಬಹುಪಾಲು ಹಳ್ಳಿಗಳು ಯಾವ ಮಹಾನದಿಯ ದಡದಲ್ಲಿಯೂ ಇಲ್ಲ. ವರ್ಷದ ಮಳೆಯಲ್ಲಿ ಸುಮಾರು ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿದುಹೋಗುತ್ತದೆ. ಉಳಿದ ಎಂಟು ತಿಂಗಳು ಬದುಕುವುದು ಹೇಗೆ? ಈ ಪ್ರಶ್ನೆಗೆ ನಮ್ಮ ಜನರು ಕಂಡುಕೊಂಡ ಉತ್ತರವನ್ನು ಅರಿಯದೆ ಭಾರತೀಯರ ಬಾಳನ್ನು ಅರಿಯಲಾಗದೆಂಬುದು ನನ್ನ ಅಭಿಪ್ರಾಯ.

ಆ ಉತ್ತರಕ್ಕೆ ರಾಜಸ್ಥಾನದಲ್ಲಿ ಜೋಹಡ್ ಎಂದು ಹೆಸರು, ದಕ್ಷಿಣ ಬಿಹಾರದಲ್ಲಿ ಆಹರ್, ತಮಿಳುನಾಡಿನಲ್ಲಿ ಏರಿ, ನಮ್ಮಲ್ಲಿ ಕೆರೆ. (ನಮಗೆ ಏರಿಯೆಂದರೆ ಕೆರೆಯ ಕಟ್ಟೆ, ತಮಿಳರಿಗೆ ಕೆರೆಯೇ ಏರಿ!) ಆಂಧ್ರಪ್ರದೇಶದ ಪೋರುಮಾಮಿಳ್ಳದಲ್ಲಿ 1369ರ ಶಾಸನವೊಂದಿದೆ. ವಿಜಯನಗರದ ರಾಜಕುಮಾರ ಭಾಸ್ಕರನು ಅಲ್ಲಿ ಕಟ್ಟಿಸಿದ ಕೆರೆಗಾಗಿ ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದ ಸಂಗತಿ ಅದರಲ್ಲಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಹೇಳಿ, ತಗಲಬಹುದಾದ ಆರು ದೋಷಗಳನ್ನೂ ಅದು ಎಣಿಸುತ್ತದೆ. ಅರಸರ ಹೊಗಳಿಕೆಯ ಜೊತೆಯಲ್ಲಿ ಕೆರೆಯ ದೋಷಗಳನ್ನೂ ಕಲ್ಲಿನಲ್ಲಿ ಕೆತ್ತಿಸಿದವರ ವಿವೇಕ ಸಾಮಾನ್ಯವಾದುದಲ್ಲ.

ಕೆರೆಯೆಂದರೆ ನಿಂತ ನೀರಷ್ಟೇ ಅಲ್ಲ. ಏರಿ, ತೂಬು, ಕೋಡಿ, ಕಾಲುವೆ, ಅಚ್ಚುಕಟ್ಟು ಎಲ್ಲವೂ ಸೇರಿ ಕೆರೆ. ಮೇಲಿನ ಊರಿನ ಕೋಡಿ ಹರಿದರೆ ಕೆಳಗಿನ ಊರಿನ ಕೆರೆ ತುಂಬುತ್ತಿತ್ತು. ಬೇಸಗೆಯಲ್ಲಿ ರೈತರು ಕೆರೆಯ ಗೋಡನ್ನು ಬಂಡಿಗಳಲ್ಲಿ ತಂದು ಹೊಲಕ್ಕೆ ಹಾಕುತ್ತಿದ್ದರು. ಕೆರೆ ಆಳವಾಗುತ್ತಿತ್ತು, ಹೊಲಕ್ಕೆ ಸಾರ ಬರುತ್ತಿತ್ತು. ತೂಬನ್ನು ಎಂದು ತೆರೆಯಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬುದನ್ನು ನೀರಗಂಟಿಯು ನೋಡಿಕೊಳ್ಳುತ್ತಿದ್ದನು.

ಹಾಗೆಂದು ಹಿಂದಿನದೆಲ್ಲವೂ ಹೊನ್ನಿನ ಕಾಲವೆಂದು ನಾನು ಹೇಳಲಾರೆ. ಕೋಲಾರದ ಕಡೆಯ ಎಷ್ಟೋ ಊರುಗಳಲ್ಲಿ ನೀರಗಂಟಿಗಳು ದಲಿತ ಕುಟುಂಬದವರು. ಊರಿನ ಗದ್ದೆಗಳಿಗೆಲ್ಲ ನೀರು ಹಂಚಿದ ಕೈಗೆ ಊರ ಬಾವಿಯ ಹಗ್ಗವನ್ನು ಮುಟ್ಟುವ ಹಕ್ಕಿರಲಿಲ್ಲ. ಇದಕ್ಕಿಂತ ನಾಚಿಕೆಗೇಡಿನ ಸಂಗತಿ ಬೇರೆ ಯಾವುದಿದೆ? ಇಂದಿನ ಮಹಾರಾಷ್ಟ್ರದ ಮಹಾಡಿನಲ್ಲಿರುವ ಚವದಾರ್ ಕೆರೆಯಿಂದ ಒಂದು ಬೊಗಸೆ ನೀರು ಕುಡಿಯುವುದಕ್ಕಾಗಿ ಡಾ. ಅಂಬೇಡ್ಕರರು 1927ರ ಮಾರ್ಚ್ 20ರಂದು ಸಾವಿರಾರು ಜನರೊಡನೆ ಸತ್ಯಾಗ್ರಹವನ್ನೇ ನಡೆಸಬೇಕಾಯಿತು.

ಆಮೇಲೆ ಕೊಳವೆಬಾವಿಗಳು ಬಂದವು. ಹಣವುಳ್ಳವನು ತನ್ನ ಹೊಲದಲ್ಲಿಯೇ ನೀರು ಕಂಡನು. ಏರಿಯಲ್ಲಿ ಬಿಟ್ಟ ಬಿರುಕು ಅವನ ಚಿಂತೆಯಾಗಿ ಉಳಿಯಲಿಲ್ಲ. ಕೆರೆಯಲ್ಲಿ ಹೂಳು ತುಂಬಿತು, ಜಾಲಿ ಬೆಳೆಯಿತು. ಬೆಂಗಳೂರಿನ ಧರ್ಮಾಂಬುಧಿ ಕೆರೆಯಿದ್ದಲ್ಲಿ ಬಸ್ಸು ನಿಲ್ದಾಣವೂ ಸಂಪಂಗಿ ಕೆರೆಯಿದ್ದಲ್ಲಿ ಕ್ರೀಡಾಂಗಣವೂ ಎದ್ದಿವೆ. ಕೋಲಾರದಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗದೆ ರೈತರು ಸೋತ ಉದಾಹರಣೆಗಳು ಹಲವು. ತಪ್ಪನ್ನೆಲ್ಲ ಮಳೆಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಈಗ ಅಲ್ಲಲ್ಲಿ ಹೂಳೆತ್ತುವ ಕಾರ್ಯ ನಡೆಯುತ್ತಿರುವುದು ಸಂತೋಷವೇ ಸರಿ. ಆದರೆ ಯಂತ್ರವು ಹೂಳೆತ್ತಿ ಹೊರಟುಹೋದ ಮೇಲೆ ತೂಬಿನ ಬಳಿ ನಿಲ್ಲುವವರು ಯಾರು? ನೀರಗಂಟಿಯ ಕೆಲಸವು ಜಾತಿಯಿಂದ ಬರುವ ಚಾಕರಿಯಾಗದೆ, ಸಂಬಳ ಗೌರವಗಳುಳ್ಳ ಹುದ್ದೆಯಾಗಬೇಕು. ಅಚ್ಚುಕಟ್ಟಿನಲ್ಲಿ ಗೇಣು ನೆಲವೂ ಇಲ್ಲದವರಿಗೆ ಕೆರೆಯ ಮೀನಿನಲ್ಲಿ, ಹುಲ್ಲಿನಲ್ಲಿ ಪಾಲು ದೊರೆಯಬೇಕು; ಕೆರೆಯ ವಿಚಾರವಾಗಿ ಊರು ಸಭೆ ಸೇರಿದಾಗ ಅವರಿಗೂ ಮಾತಿರಬೇಕು.